ಪಾಳು ಮನೆ, ಹಾಳು ಸೈಟು: ದಂಡ ಹಾಕಿದರೆ ಮಾಲೀಕರು ಬರುತ್ತಾರೆಯೇ?

ಮುಂಗಾರು ಹತ್ತಿರ ಬಂತೆಂದರೆ ಮಲೆನಾಡಿನ ಊರುಗಳಲ್ಲಿ ಒಂದು ಪ್ರಕಟಣೆ ಹೊರಬೀಳುತ್ತದೆ. ಖಾಲಿ ನಿವೇಶನದ ಮಾಲೀಕರು ಗಿಡಗಂಟಿ ತೆಗೆಸಬೇಕು, ಶಿಥಿಲ ಮನೆಯವರು ರಿಪೇರಿ ಮಾಡಿಸಬೇಕು ಇಲ್ಲವೇ ಕೆಡವಬೇಕು, ತಪ್ಪಿದರೆ ಕ್ರಮ. ಮಳೆ ಬರುತ್ತದೆ, ಕಾಂಗ್ರೆಸ್ ಗಿಡ ಆಳೆತ್ತರ ಬೆಳೆಯುತ್ತದೆ, ಎಲ್ಲೋ ಒಂದು ಮಣ್ಣಿನ ಗೋಡೆ ಪಕ್ಕದ ಮನೆಯ ಮೇಲೆ ಕುಸಿಯುತ್ತದೆ. ಮುಂದಿನ ವರ್ಷ ಅದೇ ಪ್ರಕಟಣೆ.

ಓದುವವರಿಗೆ ಗೊಂದಲವಾಗುವುದು ಸಹಜ. ಡೆಂಗಿ ನಿಯಮದಲ್ಲಿ ಎರಡು ಸಾವಿರ ದಂಡ ಎಂದು ಒಂದು ಸುದ್ದಿ. ಪಾಲಿಕೆಯೇ ಸ್ವಚ್ಛ ಮಾಡಿ ಖರ್ಚು ವಸೂಲಿ ಮಾಡುತ್ತದೆ ಎಂದು ಇನ್ನೊಂದು. ಸೈಟನ್ನೇ ಮುಟ್ಟುಗೋಲು ಹಾಕಿಕೊಳ್ಳುತ್ತಾರಂತೆ ಎಂಬ ಮಾತು ಬೇರೆ. ಹದಿನೈದು ದಿನ ನೋಟಿಸು ಕೊಡದೆ ಏನನ್ನೂ ಮುಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆಯಲ್ಲ ಎನ್ನುವವರೂ ಇದ್ದಾರೆ. ಇವೆಲ್ಲ ಬೇರೆ ಬೇರೆ ಕಾನೂನಿನಿಂದ ಬಂದ ಮಾತುಗಳು. ಒಂದರ ಜೊತೆ ಇನ್ನೊಂದನ್ನು ಬೆರೆಸಿದ್ದರಿಂದಲೇ ಇಷ್ಟು ಗೊಂದಲ. ಒಂದೊಂದಾಗಿ ಬಿಡಿಸಿ ನೋಡೋಣ.

## ಯಾವ ಮಾತು ಯಾವ ಕಾನೂನಿನದು

ಮೊದಲನೆಯದು ಡೆಂಗಿ ದಂಡ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸಾಂಕ್ರಾಮಿಕ ರೋಗಗಳ ಕಾಯ್ದೆಯ ಅಡಿಯ ನಿಯಮಗಳಿಗೆ ತಿದ್ದುಪಡಿ ತಂದಿತು. ಸೊಳ್ಳೆ ಮರಿ ಮಾಡುವ ನೀರು ಸಿಕ್ಕರೆ ನಗರದ ಮನೆಗಳಿಗೆ 400 ರೂಪಾಯಿ, ಹಳ್ಳಿಯ ಮನೆಗಳಿಗೆ 200. ಅಂಗಡಿ, ಹೋಟೆಲು, ಕಚೇರಿ, ಶಾಲೆಗಳಿಗೆ 1,000 ಮತ್ತು 500. ಖಾಲಿ ನಿವೇಶನ ಮತ್ತು ಅರ್ಧಕ್ಕೆ ನಿಂತ ಕಟ್ಟಡಗಳಿಗೆ 2,000 ಮತ್ತು 1,000. ಗಮನಿಸಬೇಕಾದ ಅಂಶವೆಂದರೆ ಈ ದಂಡ ಸೊಳ್ಳೆಗೆ ಮಾತ್ರ ಸಂಬಂಧಿಸಿದ್ದು. ಗಿಡ ಎಷ್ಟೇ ಬೆಳೆದಿರಲಿ, ಗೋಡೆ ಎಷ್ಟೇ ವಾಲಿರಲಿ, ನಿಂತ ನೀರು ಇಲ್ಲದಿದ್ದರೆ ಈ ನಿಯಮ ಅಲ್ಲಿಗೆ ಬರುವುದಿಲ್ಲ.

ಎರಡನೆಯದು ಪಾಲಿಕೆಯ ಅಧಿಕಾರ. ಶಿವಮೊಗ್ಗ ನಗರಕ್ಕೆ ಅನ್ವಯಿಸುವುದು ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976. ಭದ್ರಾವತಿ, ಸಾಗರ, ತೀರ್ಥಹಳ್ಳಿಯಂಥ ಊರುಗಳಿಗೆ ಕರ್ನಾಟಕ ಪೌರಸಭೆಗಳ ಕಾಯ್ದೆ, 1964. ಅಪಾಯದ ಕಟ್ಟಡವನ್ನು ಭದ್ರಪಡಿಸಲು, ರಿಪೇರಿ ಮಾಡಿಸಲು ಅಥವಾ ಕೆಡವಲು ಮಾಲೀಕರಿಗೆ ಆದೇಶಿಸುವ ಅಧಿಕಾರ ಪಾಲಿಕೆಯ ಆಯುಕ್ತರಿಗಿದೆ. ಹೊಲಸು ತುಂಬಿದ ಜಾಗವನ್ನು ಶುಚಿಮಾಡಿಸುವ ಅಧಿಕಾರವೂ ಇದೆ. ಮಾಲೀಕರು ಮಾಡದಿದ್ದರೆ ತಾವೇ ಮಾಡಿಸಿ ಆ ಖರ್ಚನ್ನು ಆಸ್ತಿ ತೆರಿಗೆಯ ಬಾಕಿಯಂತೆಯೇ ವಸೂಲಿ ಮಾಡಬಹುದು. ಇಡೀ ವಿಷಯದ ಕೀಲಿ ಇರುವುದು ಇಲ್ಲಿ. ಮುಂದೆ ಮತ್ತೆ ಇಲ್ಲಿಗೇ ಬರುತ್ತೇವೆ.

ಮೂರನೆಯದು ಮುಟ್ಟುಗೋಲು. ಗಿಡ ಬೆಳೆಯಿತೆಂದು ಯಾರ ಸೈಟನ್ನೂ ನೇರವಾಗಿ ಕಿತ್ತುಕೊಳ್ಳಲು ಬರುವುದಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರ ಹಂಚಿದ ನಿವೇಶನಗಳ ಲೀಸ್ ಕಮ್ ಸೇಲ್ (ಮೊದಲು ಗುತ್ತಿಗೆ, ಆಮೇಲೆ ಕ್ರಯ) ಕರಾರಿನಲ್ಲಿ ಗೊತ್ತಾದ ಅವಧಿಯೊಳಗೆ ಮನೆ ಕಟ್ಟಬೇಕೆಂಬ ಷರತ್ತು ಇರುತ್ತದೆ. ಅದು ತಪ್ಪಿದರೆ ಏನಾಗಬೇಕೆಂಬುದು ಆ ಕರಾರಿನ ಪ್ರಶ್ನೆ. ಸ್ವಚ್ಛತೆಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಸುಪ್ರೀಂ ಕೋರ್ಟಿನ ಹದಿನೈದು ದಿನ. 2024ರ ನವೆಂಬರ್ 13ರ ಆ ತೀರ್ಪು ಬಂದದ್ದು ಶಿಕ್ಷೆ ಕೊಡುವ ರೀತಿಯಲ್ಲಿ ಮನೆಗಳ ಮೇಲೆ ಬುಲ್ಡೋಜರ್ ಹರಿಸುವುದನ್ನು ತಡೆಯಲು. ಅನಧಿಕೃತ ಕಟ್ಟಡವೆಂದು ಕೆಡವುವ ಮೊದಲು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕಳಿಸಬೇಕು, ಕಟ್ಟಡದ ಮೇಲೂ ಅಂಟಿಸಬೇಕು, ಹದಿನೈದು ದಿನ ಕಾಯಬೇಕು ಎಂದು ಅದು ಹೇಳಿತು. ಇಂದೋ ನಾಳೆಯೋ ಬೀಳುವಂತಿರುವ ಗೋಡೆಗೆ ಆಸರೆ ಕೊಡುವುದು, ಅದರ ಕೆಳಗೆ ಓಡಾಟ ತಡೆಯುವುದು, ತಕ್ಷಣದ ಅಪಾಯ ತಪ್ಪಿಸುವುದು ಬೇರೆಯೇ ಕೆಲಸ. ಅದಕ್ಕೆ ಆ ತೀರ್ಪನ್ನು ಅಡ್ಡ ಹಿಡಿದು ಕೈಕಟ್ಟಿ ಕೂರುವ ಅಗತ್ಯವಿಲ್ಲ.

## ಸೈಟು ಹಾಳುಬೀಳುವುದರ ಲೆಕ್ಕಾಚಾರ

ಖಾಲಿ ಸೈಟಿನ ಮಾಲೀಕರೆಲ್ಲ ಬೇಜವಾಬ್ದಾರಿಯವರು ಎಂದುಬಿಡುವುದು ಸುಲಭ. ಅವರ ಲೆಕ್ಕಾಚಾರ ಏನೆಂದು ನೋಡಿದರೆ ದಂಡ ಯಾಕೆ ನಾಟುವುದಿಲ್ಲ ಎಂಬುದು ತಿಳಿಯುತ್ತದೆ.

ಶಿವಮೊಗ್ಗದ ಗೋಪಾಳ, ವಿನೋಬನಗರ ಬಡಾವಣೆಗಳಿಂದ ಆಚೆಗೆ ಊರು ಬೆಳೆಯುತ್ತ ಹೋದಂತೆ ಸೈಟು ಕೊಂಡವರಲ್ಲಿ ಮನೆ ಕಟ್ಟುವ ಉದ್ದೇಶ ಇಲ್ಲದವರೂ ಸೇರಿಕೊಂಡರು. ಮಗಳ ಮದುವೆಗೆ, ಮಗನ ಓದಿಗೆ ಆಗಲಿ ಎಂದು ಕೊಂಡವರು, ಬೆಂಗಳೂರಿನಲ್ಲಿದ್ದು ಊರಿನಲ್ಲೊಂದು ಜಾಗ ಇರಲಿ ಎಂದವರು, ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಹಣ ತೊಡಗಿಸಿದವರು. 2023ರ ಫೆಬ್ರುವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಬೆಲೆ ಏರುವ ನಿರೀಕ್ಷೆ ಇನ್ನಷ್ಟು ಗಟ್ಟಿಯಾಯಿತು. ಇವರ ಪಾಲಿಗೆ ಸೈಟು ಬ್ಯಾಂಕಿನ ಠೇವಣಿ ಇದ್ದಂತೆ. ವರ್ಷಕ್ಕೊಮ್ಮೆ ಬಂದು ನೋಡುವ ಗೋಜೂ ಇಲ್ಲ.

ಉದಾಹರಣೆಗೆ, ಮೂವತ್ತು ಲಕ್ಷ ಬೆಲೆಯ ಒಂದು 30–40 ಸೈಟು ಎಂದುಕೊಳ್ಳಿ. ಬೆಲೆ ವರ್ಷಕ್ಕೆ ಬರೀ ನೂರಕ್ಕೆ ಐದರಂತೆ ಏರಿದರೂ ಒಂದೂವರೆ ಲಕ್ಷ. ಅದರ ಎದುರು ಎರಡು ಸಾವಿರ ದಂಡ ಯಾವ ಲೆಕ್ಕ? ಕಳೆ ತೆಗೆಸಿ, ಸುರಿದ ಕಸ ಎತ್ತಿಸಿ, ಟ್ರ್ಯಾಕ್ಟರಿನಲ್ಲಿ ಸಾಗಿಸಿದರೆ ಖರ್ಚು ದಂಡಕ್ಕಿಂತ ಹೆಚ್ಚೇ ಆಗುತ್ತದೆ. ಜೆಸಿಬಿಗೆ ಗಂಟೆಯ ಬಾಡಿಗೆಯೇ ಸಾವಿರದ ಮೇಲಿದೆ. ಅಂದರೆ ಕೆಲಸ ಮಾಡಿಸುವುದಕ್ಕಿಂತ ದಂಡ ಕಟ್ಟುವುದೇ ಅಗ್ಗ. ಸಿಕ್ಕಿಬೀಳುವುದೂ ಖಚಿತವಿಲ್ಲದಿರುವಾಗ ಏನೂ ಮಾಡದಿರುವುದು ಎಲ್ಲಕ್ಕಿಂತ ಅಗ್ಗ. ದಂಡವನ್ನು ಎರಡರಿಂದ ಐದು ಸಾವಿರಕ್ಕೆ ಏರಿಸಿದರೂ ಈ ಲೆಕ್ಕ ಬದಲಾಗದು. ಸಿಕ್ಕಿಬೀಳುವ ಖಾತ್ರಿ ಇದ್ದರೆ ಮಾತ್ರ ಬದಲಾದೀತು.

## ಸೊಳ್ಳೆಗೆ ಹತ್ತು ದಿನ, ನೋಟಿಸಿಗೆ ಹದಿನೈದು

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಮಳೆಗಾಲದ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಇದಕ್ಕೆ ಬೇಕಾದದ್ದು ಚರಂಡಿಯ ಕೊಳಕು ನೀರಲ್ಲ, ಸ್ವಲ್ಪವೇ ಸ್ವಲ್ಪ ತಿಳಿ ನೀರು. ಎಸೆದ ಎಳನೀರು ಬುರುಡೆ, ಟೈರು, ಪ್ಲಾಸ್ಟಿಕ್ ಲೋಟ. ನಮ್ಮ ಕಡೆ ಇನ್ನೊಂದನ್ನು ಸೇರಿಸಬೇಕು: ಬಿದ್ದ ಅಡಿಕೆ ಹಾಳೆ. ಮಗುಚಿ ಬಿದ್ದರೆ ತೊಂದರೆಯಿಲ್ಲ. ಅಂಗಾತ ಬಿದ್ದರೆ ಒಂದು ಹಾಳೆಯ ಗುಳಿಯಲ್ಲಿ ಒಂದು ಬೊಗಸೆ ನೀರು ನಿಲ್ಲುತ್ತದೆ. ಬಗ್ಗಿ ನೋಡಿದರೆ ಕೂದಲೆಳೆಯಂಥ ಮರಿಗಳು ಬಾಲ ಮೇಲೆ ಮಾಡಿಕೊಂಡು ನೀರಿನ ಮಟ್ಟಕ್ಕೆ ತೂಗಾಡುತ್ತಿರುತ್ತವೆ. ನೆರಳು ಬಿದ್ದ ಕೂಡಲೇ ತಿರುಚುತ್ತ ತಳಕ್ಕೆ ಇಳಿಯುತ್ತವೆ.

ಹದಿನೈದು ದಿನದ ಗಡುವು ಕೊಟ್ಟು ನೋಟಿಸು ಕಳಿಸಿದರೆ ಗಡುವು ಮುಗಿಯುವ ಹೊತ್ತಿಗೆ ಒಂದು ತಲೆಮಾರಿನ ಸೊಳ್ಳೆ ಹಾರಿಹೋಗಿ ಮುಂದಿನದು ನೀರಿನಲ್ಲಿರುತ್ತದೆ. ಹಾಗಾಗಿ ನಿಂತ ನೀರಿಗೆ ನೋಟಿಸಿನ ದಾರಿ ಸರಿಯಲ್ಲ. ತಪಾಸಣೆಗೆ ಹೋದವರೇ ಅಲ್ಲೇ ನೀರು ಚೆಲ್ಲಬೇಕು, ಪಾತ್ರೆಯನ್ನು ಅಲ್ಲಿಂದ ಎತ್ತಬೇಕು, ದಂಡ ಆಮೇಲೆ. ಚೆಲ್ಲಿದರಷ್ಟೇ ಸಾಲದು ಎನ್ನುವುದಕ್ಕೂ ಕಾರಣವಿದೆ. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ಆ ಮೊಟ್ಟೆ ಒಣಗಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಬೇಸಿಗೆಯಲ್ಲಿ ಒಣಗಿ ಬಿದ್ದಿದ್ದ ಟೈರಿಗೆ ಮೊದಲ ಮಳೆಯ ನೀರು ತುಂಬಿದಾಗ ಹಿಂದಿನ ವರ್ಷದ ಮೊಟ್ಟೆ ಒಡೆಯುತ್ತದೆ. ಸೈಟನ್ನು ಶುಚಿಮಾಡಬೇಕಾದದ್ದು ಮಳೆಗೆ ಮೊದಲು ಎನ್ನುವುದು ಇದಕ್ಕೇ.

ಕಾಂಗ್ರೆಸ್ ಗಿಡದ್ದೂ ಇದೇ ಕಥೆ. ಮೊಳೆತ ನಾಲ್ಕರಿಂದ ಆರು ವಾರಕ್ಕೆ ಹೂ ಬಿಡುತ್ತದೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಜೂನ್‌ನಲ್ಲಿ ಮೊಳೆತದ್ದು ಜುಲೈ ಕೊನೆಗೆ ಹೂವಿನಲ್ಲಿರುತ್ತದೆ. ಜುಲೈನಲ್ಲಿ ದೂರು ಬಂದು, ಆಗಸ್ಟಿನಲ್ಲಿ ನೋಟಿಸು ಹೋಗಿ, ಸೆಪ್ಟೆಂಬರಿನಲ್ಲಿ ಕತ್ತರಿಸುವ ಯಂತ್ರ ತಂದರೆ ಬೀಜವನ್ನು ಸೈಟಿನ ತುಂಬ ಎರಚಿದಂತೆ ಆಗುತ್ತದೆ, ಅಷ್ಟೇ. ಬುಡ ಬಿಟ್ಟು ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ ಕೂಡ. ಜೂನ್ ಕೊನೆಯಲ್ಲಿ, ನೆಲ ಹಸಿಯಾಗಿರುವಾಗ, ಹೂ ಬರುವ ಮೊದಲು ಬೇರುಸಹಿತ ಕೀಳಬೇಕು. ತಡವಾಗಿ ಮೊಳೆತದ್ದಕ್ಕೆ ಆಗಸ್ಟಿನಲ್ಲಿ ಇನ್ನೊಂದು ಸುತ್ತು. ಬರಿಗೈಯಲ್ಲಿ ಮುಟ್ಟಿದರೆ ತುರಿಕೆ, ಚರ್ಮರೋಗ. ಪೌರಕಾರ್ಮಿಕರಿಗೆ ಕೈಗವಸು, ತುಂಬು ತೋಳಿನ ಅಂಗಿ, ಮಾಸ್ಕು ಕೊಡದೆ ಈ ಕೆಲಸಕ್ಕೆ ಕಳಿಸುವುದು ಅನ್ಯಾಯ.

ಗಿಡದ ಮರೆಯಲ್ಲಿ ಕಸ, ಕಸಕ್ಕೆ ಇಲಿ, ಇಲಿಗೆ ಹಾವು. ಇಲಿಯ ಮೂತ್ರ ಬೆರೆತ ನೀರು ಗಾಯದ ಕಾಲಿಗೆ ತಗುಲಿದರೆ ಇಲಿ ಜ್ವರ. ಹಾವು ಕಡಿತವನ್ನು ರಾಜ್ಯ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಅದು ತೋಟ–ಗದ್ದೆಯ ಅಪಾಯ ಮಾತ್ರ ಎಂದುಕೊಂಡಿದ್ದವರು ಬಡಾವಣೆಯ ಸೈಟುಗಳನ್ನೂ ಆ ದೃಷ್ಟಿಯಿಂದ ನೋಡಬೇಕಾಗಿದೆ.

## ಒಂದು ಹೆಂಚು ಜಾರಿದರೆ

ಪಾಳು ಮನೆಯ ಅಪಾಯ ಬೇರೆ ಬಗೆಯದು. ಶಿವಮೊಗ್ಗದ ಕೋಟೆ ರಸ್ತೆ, ಗಾಂಧಿ ಬಜಾರಿನ ಸುತ್ತಿನ ಹಳೆಯ ಕೇರಿಗಳಲ್ಲಾಗಲಿ, ತೀರ್ಥಹಳ್ಳಿ, ಸಾಗರದ ಪೇಟೆಗಳಲ್ಲಾಗಲಿ ಹಳೆಯ ಮನೆ ಎಂದರೆ ಸಾಮಾನ್ಯವಾಗಿ ಮಣ್ಣಿನ ಗೋಡೆ, ಮೇಲೆ ಮರದ ಪಕಾಸಿ (ಇಳಿಜಾರು ತೊಲೆ), ರೀಪು (ಅಡ್ಡಪಟ್ಟಿ), ಅದರ ಮೇಲೆ ಮಂಗಳೂರು ಹೆಂಚು. ಈ ಮನೆ ನೂರು ವರ್ಷ ನಿಲ್ಲಬಲ್ಲದು, ಆದರೆ ಪ್ರತಿ ಬೇಸಿಗೆಯಲ್ಲಿ ಯಾರಾದರೂ ಮಾಡಿಗೆ ಹತ್ತಿ ಹೆಂಚು ಕೈಯಾಡಿಸಬೇಕು. ಒಡೆದದ್ದು ತೆಗೆದು ಹೊಸದು ಹಾಕಬೇಕು, ಜಾರಿದ್ದನ್ನು ಕೂರಿಸಬೇಕು, ಎಲೆ ಗುಡಿಸಬೇಕು.

ಮನೆಗೆ ಬೀಗ ಬಿದ್ದ ಮೇಲೆ ಆ ಕೈ ಇರುವುದಿಲ್ಲ. ಮಂಗ ಓಡಾಡಿ ಒಂದು ಹೆಂಚು ಜಾರುತ್ತದೆ. ಆ ಸಂದಿಯಿಂದ ನೀರು ರೀಪಿಗೆ, ರೀಪಿನಿಂದ ಗೋಡೆಯ ತಲೆಗೆ ಇಳಿಯುತ್ತದೆ. ಮಣ್ಣಿನ ಗೋಡೆಗೆ ಬದಿಯಿಂದ ಬಡಿಯುವ ಇರಚಲಿಗಿಂತ ತಲೆಯಿಂದ ಇಳಿಯುವ ನೀರು ಹೆಚ್ಚು ಅಪಾಯ. ಒಳಗಿನಿಂದಲೇ ಕರಗಿಸುತ್ತದೆ. ಒದ್ದೆ ಮರಕ್ಕೆ ಒರಲೆ ಹತ್ತುತ್ತದೆ. ಪಕಾಸಿ ಬಾಗಿ ಇನ್ನಷ್ಟು ಹೆಂಚು ಜಾರುತ್ತವೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಹೊಟ್ಟೆ ಬಿಡುತ್ತದೆ. ಮೂಲೆಯಲ್ಲಿ ಕೆಳಗೆ ಸಣ್ಣದಾಗಿ, ಮೇಲೆ ಹೋದಂತೆ ಅಗಲವಾಗುವ ಬಿರುಕು ಕಂಡರೆ ಗೋಡೆ ಹೊರಕ್ಕೆ ವಾಲುತ್ತಿದೆ ಎಂದರ್ಥ. ಹೊರಗಿನಿಂದಲೇ ನೋಡಬಹುದಾದ ಇನ್ನೊಂದು ಗುರುತು ಮಾಡಿನ ನೆತ್ತಿ. ನೇರವಾಗಿರಬೇಕಾದ ಆ ಗೆರೆ ನಡುವೆ ತಗ್ಗಿದ್ದರೆ ಒಳಗಿನ ಮರ ಸೋತಿದೆ.

ತೂಕದ ಲೆಕ್ಕವನ್ನೂ ನೋಡಿ. ನೂರು ಚದರಡಿ ಮಾಡಿಗೆ ಸುಮಾರು 140 ಹೆಂಚು ಬೇಕು, ಒಂದೊಂದೂ ಎರಡು ಕಿಲೋಗೆ ಮೇಲೆ. ಸಾವಿರ ಚದರಡಿಯ ಮಾಡಿನ ಮೇಲೆ ಹೆಂಚೇ ಮೂರು ಟನ್ ಸಮೀಪ, ಮಳೆ ಕುಡಿದರೆ ಇನ್ನೂ ಹೆಚ್ಚು. ಇಷ್ಟನ್ನು ಹೊತ್ತ ಗೋಡೆ ಪಕ್ಕದ ಮನೆಗೂ ಸೇರಿದ ಜಂಟಿ ಗೋಡೆಯಾಗಿದ್ದರೆ, ಬೀಗ ಹಾಕಿದ ಮನೆ ಬಿದ್ದಾಗ ಪೆಟ್ಟು ತಿನ್ನುವುದು ಪಕ್ಕದ ಮನೆಯಲ್ಲಿ ಮಲಗಿದ್ದವರು.

ಕೆಡವುವಾಗಲೂ ತಪ್ಪು ಆಗುತ್ತದೆ. ಜೆಸಿಬಿ ತಂದು ಬುಡಕ್ಕೆ ಕೈ ಹಾಕಿದರೆ ಜಂಟಿ ಗೋಡೆಯೂ ಜೊತೆಗೇ ಬರುತ್ತದೆ. ಕ್ರಮ ಇದು: ಮೊದಲು ಪಕ್ಕದ ಮನೆಯ ಆ ಬದಿಯ ಕೋಣೆ ಖಾಲಿ ಮಾಡಿಸಬೇಕು. ವಾಲಿದ ಗೋಡೆಗೆ ಹೊರಗಿನಿಂದ ಗಟ್ಟಿ ಮರದ ಆಸರೆ ಕೊಡಬೇಕು. ಮಾಡಿನ ಎರಡೂ ಇಳಿಜಾರಿನಿಂದ ಸಮಸಮವಾಗಿ ಹೆಂಚು ಇಳಿಸಬೇಕು, ಒಂದೇ ಕಡೆ ಬರಿದು ಮಾಡಿದರೆ ಭಾರ ಇನ್ನೊಂದು ಕಡೆಗೆ ತಳ್ಳುತ್ತದೆ. ಆಮೇಲೆ ರೀಪು, ಪಕಾಸಿ. ಕೊನೆಗೆ ಗೋಡೆಯನ್ನು ಮೇಲಿನಿಂದ ಒಂದೊಂದು ವರಸೆಯಾಗಿ ಕೈಯಲ್ಲೇ ಇಳಿಸಬೇಕು. ಉಳಿದ ಜಂಟಿ ಗೋಡೆಯ ತಲೆಗೆ ಅಂದೇ ಹೊದಿಕೆ ಹಾಕಬೇಕು. ಈ ಕೆಲಸ ಒಣ ದಿನಗಳಲ್ಲಿ ಮಾತ್ರ ಸಾಧ್ಯ. ಜುಲೈನಲ್ಲಿ ನೋಟಿಸು ಕೊಟ್ಟು ಕೆಡವಿ ಎಂದರೆ ಪ್ರಾಮಾಣಿಕ ಮಾಲೀಕರಿಗೂ ಆಗದ ಮಾತು.

## ನೋಟಿಸು ಯಾರ ಕೈಗೆ?

ಕಾನೂನು ಸೋಲುವುದು ಹೆಚ್ಚಾಗಿ ವಿಳಾಸದಲ್ಲಿ. ಖಾತೆಯಲ್ಲಿರುವ ಹೆಸರು ಎಷ್ಟೋ ವರ್ಷದ ಹಿಂದೆ ತೀರಿಕೊಂಡ ಅಜ್ಜನದು. ಮಕ್ಕಳು ನಾಲ್ವರು, ಒಬ್ಬರು ಊರಿನಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ವಿದೇಶದಲ್ಲಿ. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು, ಅದು ನ್ಯಾಯವೇ. ಆದರೆ ಪಾಲು ಎಲ್ಲರಿಗೂ ಇದ್ದು ಹೊಣೆ ಯಾರಿಗೂ ಇಲ್ಲದಂತಾಗುವುದು ಖಾತೆ ಬದಲಾಗದಿದ್ದಾಗ. ಹೆಂಚು ಹಾಕಿಸಿದವರು ನಾಳೆ ಮನೆ ನನ್ನದೆಂದಾರು ಎಂಬ ಅನುಮಾನದಲ್ಲಿ ಉಳಿದವರು ತಡೆಯುತ್ತಾರೆ. ಖರ್ಚು ಮಾಡಿದ್ದು ವಾಪಸು ಬಾರದೆಂದು ಊರಿನಲ್ಲಿರುವವರೂ ಸುಮ್ಮನಾಗುತ್ತಾರೆ. ಪಾಲಿನ ದಾವೆ ನ್ಯಾಯಾಲಯದಲ್ಲಿದ್ದರಂತೂ ಮನೆಯನ್ನು ಮುಟ್ಟುವಂತಿಲ್ಲ ಎಂದೇ ಎಲ್ಲರ ನಂಬಿಕೆ. ಯಥಾಸ್ಥಿತಿ ಆದೇಶ ಇದ್ದರೂ ಗೋಡೆ ಭದ್ರಪಡಿಸಲು ಅನುಮತಿ ಕೊಡಿ ಎಂದು ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಹಾಗೆ ಕೇಳುವವರು ಕಡಿಮೆ.

ಪೇಟೆಯ ಹಳೆಯ ಮಳಿಗೆಗಳಲ್ಲಿ ಇನ್ನೊಂದು ಗಂಟು ಇದೆ. ಬಾಡಿಗೆ ಬಹಳ ಕಡಿಮೆ, ಬಾಡಿಗೆದಾರರು ಬಿಡುವುದಿಲ್ಲ, ಮಾಲೀಕರು ರಿಪೇರಿ ಮಾಡಿಸುವುದಿಲ್ಲ. ಕಟ್ಟಡ ಬಿದ್ದರೆ ಬಾಡಿಗೆ ಹಕ್ಕೂ ಹೋಗುತ್ತದೆ ಎಂಬ ಲೆಕ್ಕದಲ್ಲಿ ಕಾಯುವವರಿದ್ದಾರೆ. ಅದು ಈಗ ನಡೆಯದು. ಪಾಲಿಕೆ ಕೆಡವಿದ ಮಾತ್ರಕ್ಕೆ ಬಾಡಿಗೆದಾರರ ಹಕ್ಕು ಅಳಿಯುವುದಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. ಕಟ್ಟಡವನ್ನು ಬೀಳಲು ಬಿಟ್ಟ ಮಾಲೀಕರಿಗೆ ಸಿಗುವುದು ಬರಿದಾದ ಜಾಗ, ಮುಗಿಯದ ವ್ಯಾಜ್ಯ.

ಯಾರಿಗಾದರೂ ಜೀವಹಾನಿಯಾದರೆ ಮಾತು ದಂಡಕ್ಕೆ ನಿಲ್ಲುವುದಿಲ್ಲ. ದೆಹಲಿಯ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ 1966ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು ಒಂದು ತತ್ವ ಹೇಳಿತು: ರಸ್ತೆಯ ಪಕ್ಕದ ಕಟ್ಟಡ ಬಿದ್ದರೆ, ಒಳಗಿನ ದೋಷ ನನಗೆ ತಿಳಿದಿರಲಿಲ್ಲ ಎಂದು ಮಾಲೀಕರು ತಪ್ಪಿಸಿಕೊಳ್ಳುವಂತಿಲ್ಲ. ಅಲ್ಲಿ ಮಾಲೀಕತ್ವ ಇದ್ದದ್ದು ನಗರಪಾಲಿಕೆಯದೇ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿ ಐದು ವರ್ಷದವರೆಗೆ ಸಜೆಯಾಗಬಹುದು.

## ಮಾಲೀಕರ ಮಾತಿನಲ್ಲಿರುವ ನ್ಯಾಯ

ತೆರಿಗೆ ಕಟ್ಟುತ್ತೇನೆ, ಕಸ ಹಾಕುವವರು ಸುತ್ತಲಿನ ಮನೆಯವರು, ಅವರನ್ನು ಬಿಟ್ಟು ನನಗೇಕೆ ದಂಡ? ಮಾಲೀಕರ ಈ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಅನ್ಯರ ಜಾಗಕ್ಕೆ, ಚರಂಡಿಗೆ, ಬೀದಿಗೆ ಕಸ ಎಸೆಯುವುದು ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಎಸೆದವರ ತಪ್ಪು. ಪಕ್ಕದ ಮನೆ ಕೆಡವಿದ ಮಣ್ಣು, ಟೈಲ್ಸ್ ಚೂರು ರಾತ್ರಿ ಬಂದು ಖಾಲಿ ಸೈಟಿಗೆ ಬೀಳುವುದೂ ನಡೆದೇ ಇದೆ. ಹಾಗಾಗಿ ಎರಡನ್ನೂ ಬೇರೆ ಮಾಡಬೇಕು. ಬೆಳೆದ ಗಿಡ, ನಿಂತ ನೀರು, ಬಿರುಕು ಬಿಟ್ಟ ಗೋಡೆ ಮಾಲೀಕರ ಹೊಣೆ. ಎಸೆದ ಕಸ ಎಸೆದವರ ಹೊಣೆ. ಬೇಲಿ ಹಾಕಿ ಗೇಟು ಇಟ್ಟವರಿಗೆ ಕಸದ ವಿಷಯದಲ್ಲಿ ರಿಯಾಯಿತಿ ಕೊಡುವುದು ನ್ಯಾಯವಾದೀತು. ಬೇಲಿ ಇರುವ ಸೈಟಿಗೆ ಕಸ ಬೀಳುವುದೇ ಕಡಿಮೆ.

ಎಲ್ಲ ಮಾಲೀಕರೂ ಹಣವಂತರಲ್ಲ ಎಂಬುದನ್ನೂ ಮರೆಯಬಾರದು. ಬಿರುಕು ಬಿಟ್ಟ ಮನೆಯಲ್ಲೇ ಒಬ್ಬಂಟಿ ವೃದ್ಧೆ ವಾಸವಿದ್ದರೆ ನೋಟಿಸು ಅವರನ್ನು ಬೀದಿಗೆ ಹಾಕುವ ಕಾಗದವಾಗುತ್ತದೆ. ಅಲ್ಲಿ ಪಾಲಿಕೆ ಮೊದಲು ಮಾಡಬೇಕಾದದ್ದು ತಾತ್ಕಾಲಿಕ ವಸತಿ ಮತ್ತು ಮಾಡಿಗೆ ಟಾರ್ಪಾಲು. ವರ್ಷಗಟ್ಟಲೆ ಬೀಗ ಹಾಕಿಟ್ಟವರನ್ನೂ ಇವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅತ್ತ ಸರ್ಕಾರಿ ಇಲಾಖೆಗಳ ಪಾಳು ಕ್ವಾರ್ಟರ್ಸುಗಳ ಸುತ್ತಲೂ ಇದೇ ಗಿಡ, ಇದೇ ಹಾವು. ಆ ಇಲಾಖೆಗಳಿಗೂ ನೋಟಿಸು ಹೋಗದಿದ್ದರೆ ಖಾಸಗಿ ಮಾಲೀಕರಿಗೆ ಕಳಿಸಿದ ನೋಟಿಸಿಗೆ ಬೆಲೆ ಇರುವುದಿಲ್ಲ.

## ಖರ್ಚು ಖಾತೆಗೆ ಅಂಟಬೇಕು

ದಂಡಕ್ಕೆ ಮಾಲೀಕರು ಕೈಗೆ ಸಿಗಬೇಕು. ಖರ್ಚನ್ನು ಆಸ್ತಿಯ ಮೇಲೆ ಹೊರಿಸಿದರೆ ಮಾಲೀಕರನ್ನು ಹುಡುಕುವ ಕೆಲಸವೇ ಇಲ್ಲ. ವ್ಯತ್ಯಾಸ ಇಷ್ಟೇ, ಆದರೆ ಪರಿಣಾಮ ದೊಡ್ಡದು. ಪಾಲಿಕೆ ಸೈಟು ಶುಚಿಮಾಡಿಸಿ ಬಿಲ್ಲನ್ನು ಆ ಸ್ವತ್ತಿನ ತೆರಿಗೆ ಲೆಕ್ಕಕ್ಕೆ ಬಾಕಿಯಾಗಿ ಸೇರಿಸಿತು ಎನ್ನಿ. ಮಾಲೀಕರು ಅಮೆರಿಕದಲ್ಲಿದ್ದರೂ ಸರಿ, ಸೈಟು ಮಾರಲು, ಸಾಲ ಪಡೆಯಲು, ನಕ್ಷೆ ಮಂಜೂರು ಮಾಡಿಸಲು ತೆರಿಗೆ ರಸೀದಿ ಬೇಕೇ ಬೇಕು. ಈಗ ನೋಂದಣಿಗೆ ಇ–ಖಾತೆ ಕೇಳುತ್ತಾರೆ. ಬಾಕಿ ಅಲ್ಲಿ ಎದುರಾಗುತ್ತದೆ. ವಾರಸುದಾರರ ಜಗಳದಲ್ಲೂ ಇದು ಕೆಲಸ ಮಾಡುತ್ತದೆ, ಯಾರ ಪಾಲಿಗೆ ಬಂದರೂ ಬಾಕಿ ಆಸ್ತಿಯ ಜೊತೆಗೇ ಬರುತ್ತದೆ.

ಹಾಗಾದರೆ ಯಾಕೆ ಆಗುತ್ತಿಲ್ಲ? ಕೆಲಸ ಮಾಡುವುದು ಆರೋಗ್ಯ ಶಾಖೆ, ಕಟ್ಟಡ ನೋಡುವುದು ಎಂಜಿನಿಯರಿಂಗ್ ಶಾಖೆ, ತೆರಿಗೆ ಕಂದಾಯ ಶಾಖೆಯದು. ಆರೋಗ್ಯ ನಿರೀಕ್ಷಕರು ಸೈಟು ಶುಚಿಮಾಡಿಸಿದರೂ ಆ ಖರ್ಚಿನ ಚೀಟಿ ಸ್ವತ್ತಿನ ಸಂಖ್ಯೆಯ ಜೊತೆ ಕಂದಾಯ ಶಾಖೆಗೆ ಹೋಗದಿದ್ದರೆ ಬಾಕಿ ಹುಟ್ಟುವುದೇ ಇಲ್ಲ. ಹಣ ಸಾರ್ವಜನಿಕರ ತೆರಿಗೆಯಿಂದ ಹೋಯಿತು, ಮಾಲೀಕರಿಗೆ ಪುಕ್ಕಟೆ ಸೇವೆಯಾಯಿತು.

ಬಾಕಿ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಕಾಗದ ಗಟ್ಟಿ ಇರಬೇಕು. ಖಾತೆಯ ವಿಳಾಸಕ್ಕೆ ರಿಜಿಸ್ಟ್ರೇಶನ್ ಸಹಿತ ಸ್ಪೀಡ್ ಪೋಸ್ಟ್. ‘ವಿಳಾಸದಾರರು ಇಲ್ಲ’ ಎಂದು ವಾಪಸು ಬಂದ ಲಕೋಟೆಯನ್ನು ಒಡೆಯದೆ ಕಡತದಲ್ಲಿಡುವುದು. ಸ್ಥಳದಲ್ಲಿ ನೋಟಿಸು ಅಂಟಿಸಿ, ಇಬ್ಬರು ಪಂಚರ ಸಹಿಯೊಂದಿಗೆ ಮಹಜರು. ಕೆಲಸಕ್ಕೆ ಮೊದಲು ಮತ್ತು ನಂತರ ತಾರೀಖು ಕಾಣುವ ಫೋಟೊ. ಆಳು, ಯಂತ್ರದ ಗಂಟೆ, ಟ್ರ್ಯಾಕ್ಟರ್ ಲೋಡು ಬಿಡಿಬಿಡಿಯಾಗಿ ಬರೆದ ಬಿಲ್ಲು. ಇವುಗಳಲ್ಲಿ ಮಹಜರೊಂದು ತಪ್ಪಿದರೂ ನನಗೆ ನೋಟಿಸೇ ಬಂದಿಲ್ಲ ಎಂದು ಮಾಲೀಕರು ಹೇಳಬಹುದು, ನ್ಯಾಯಾಲಯ ಅದನ್ನು ಒಪ್ಪಲೂಬಹುದು.

## ಪಕ್ಕದ ಮನೆಯವರ ಕೈಯಲ್ಲಿರುವುದು

ಮಾಲೀಕರು ಯಾರೆಂದು ಗೊತ್ತಿಲ್ಲದಿದ್ದರೆ ನಿಮ್ಮ ಕ್ರಯಪತ್ರವನ್ನೇ ತೆಗೆದು ನೋಡಿ. ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ, ಪಶ್ಚಿಮಕ್ಕೆ ಎಂದು ಪಕ್ಕದ ಸೈಟಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆ, ಸರ್ವೆ ನಂಬರು ಹಿಡಿದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪ್ರಮಾಣಪತ್ರ ಕೇಳಿದರೆ, ವ್ಯವಹಾರ ನಡೆದಿದ್ದಲ್ಲಿ ನಮೂನೆ 15ರಲ್ಲಿ ಕೊಟ್ಟವರು, ಕೊಂಡವರ ಹೆಸರು ಬರುತ್ತದೆ. ಮೊದಲು ಅವರನ್ನೇ ಸಂಪರ್ಕಿಸುವುದು ಒಳ್ಳೆಯದು. ನಮ್ಮ ಸೈಟಿನಲ್ಲಿ ಹೀಗಾಗಿದೆ ಎಂದೇ ತಿಳಿಯದವರೂ ಇರುತ್ತಾರೆ.

ಆಗದಿದ್ದರೆ ಲಿಖಿತ ದೂರು. ಗಿಡ, ಕಸ, ನೀರಿಗೆ ಆರೋಗ್ಯ ಶಾಖೆ. ಗೋಡೆಗೆ ಎಂಜಿನಿಯರಿಂಗ್ ಶಾಖೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಅದು ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆಯುತ್ತದೆ. ಸ್ವತ್ತಿನ ಸಂಖ್ಯೆ, ಫೋಟೊ, ಬಿರುಕಿನ ಅಗಲ ಬರೆಯಿರಿ. ಬಿರುಕಿನ ಮೇಲೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆದಿಟ್ಟರೆ, ತಿಂಗಳ ನಂತರ ಅದು ಎಷ್ಟು ಅಗಲವಾಯಿತೆಂದು ತೋರಿಸಬಹುದು. ಗೋಡೆ ನಿಮ್ಮ ಒಳಬದಿಯಿಂದ ಕಾಣುವಂತಿದ್ದರೆ ಮಾತ್ರ ಇದನ್ನು ಮಾಡಿ, ಪಾಳು ಮನೆಯೊಳಗೆ ಕಾಲಿಡಬೇಡಿ. ಸ್ವೀಕೃತಿ ಸಂಖ್ಯೆ ಇಲ್ಲದ ದೂರು ದೂರೇ ಅಲ್ಲ, ಅದನ್ನು ಕೇಳಿ ಪಡೆಯಿರಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಬೇಕಾದದ್ದು ಇಷ್ಟು: ನೋಟಿಸು ಯಾವ ತಾರೀಖಿಗೆ ಹೋಯಿತು, ಹೇಗೆ ಜಾರಿಯಾಯಿತು, ಕೆಲಸ ಯಾರು ಮಾಡಿದರು, ಖರ್ಚು ಎಷ್ಟು, ಅದು ಸ್ವತ್ತಿನ ಬಾಕಿಗೆ ಸೇರಿದೆಯೇ. ಕೊನೆಯ ಪ್ರಶ್ನೆ ಅತಿ ಮುಖ್ಯ.

## ಎ.ಸಿ. ಅವರ ದಾರಿ

ಪಾಲಿಕೆ ಅಲುಗಾಡದಿದ್ದರೆ ಇನ್ನೊಂದು ಬಾಗಿಲಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಆಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಆಗಿದೆ. ಬೀಳುವಂತಿರುವ ಕಟ್ಟಡ, ಸಾರ್ವಜನಿಕ ಆರೋಗ್ಯಕ್ಕೆ ಕುತ್ತು ತರುವ ಉಪದ್ರವಗಳನ್ನು ತೆಗೆಯುವಂತೆ ಉಪವಿಭಾಗ ದಂಡಾಧಿಕಾರಿಯೂ ಆಗಿರುವ ಎ.ಸಿ. (ಉಪವಿಭಾಗಾಧಿಕಾರಿ) ಷರತ್ತಿನ ಆದೇಶ ಹೊರಡಿಸಬಹುದು. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ ಮತ್ತು ಸಾಗರ ಎರಡು ಉಪವಿಭಾಗ. ಅರ್ಜಿಗೆ ಬೇಕಾದ್ದು ಪಾಲಿಕೆಗೆ ಕೊಟ್ಟ ದೂರುಗಳ ನಕಲು, ಫೋಟೊ, ತೊಂದರೆಗೊಳಗಾದ ನಾಲ್ಕಾರು ಮನೆಯವರ ಸಹಿ. ಒಬ್ಬರಿಗೆ ಮಾತ್ರ ಆಗುವ ತೊಂದರೆ ಈ ಕಲಮಿಗೆ ಬರುವುದಿಲ್ಲ, ಹಾಗಾಗಿ ಕೇರಿಯವರೆಲ್ಲ ಸೇರಿ ಸಹಿ ಮಾಡುವುದು ಅಗತ್ಯ.

ಆದೇಶ ಬಂದ ಮೇಲೆ ಮಾಲೀಕರು ಕೆಲಸ ಮಾಡಿಸಬೇಕು ಅಥವಾ ಬಂದು ಕಾರಣ ಹೇಳಬೇಕು. ಎರಡೂ ಮಾಡದಿದ್ದರೆ ದಂಡಾಧಿಕಾರಿಯೇ ಕೆಲಸ ಮಾಡಿಸಿ, ತೆಗೆದ ಮರಮುಟ್ಟು ಮಾರಿಯೋ ಇತರ ಚರ ಸ್ವತ್ತು ಜಪ್ತಿ ಮಾಡಿಯೋ ಖರ್ಚು ತೆಗೆಯಬಹುದು. ಹಳೆಯ ಮನೆಯ ಬೀಟೆ, ಸಾಗುವಾನಿ ಕಂಬಗಳ ಬೆಲೆ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಸುಮ್ಮನಿರುವ ಮಾಲೀಕರನ್ನು ಈ ಒಂದು ಸಾಧ್ಯತೆಯೇ ಊರಿಗೆ ಕರೆಸೀತು. ತಕ್ಷಣದ ಅಪಾಯ ಇದ್ದರೆ ವಿಚಾರಣೆ ಮುಗಿಯುವ ಮೊದಲೇ ಮಧ್ಯಂತರ ಆದೇಶ ಕೊಡಲೂ ಅವಕಾಶವಿದೆ. ಇದೇ ಕಲಮಿನಡಿ ಮಧ್ಯಪ್ರದೇಶದ ರತ್ಲಾಂ ನಗರಸಭೆಯ ಮೇಲೆ ಆದೇಶವಾದಾಗ, ನಮ್ಮಲ್ಲಿ ಹಣವಿಲ್ಲ ಎಂಬ ನಗರಸಭೆಯ ವಾದವನ್ನು ಸುಪ್ರೀಂ ಕೋರ್ಟು 1980ರಲ್ಲಿ ತಳ್ಳಿಹಾಕಿತ್ತು. ಇಲಾಖೆಗಳ ಪಾಳು ಕಟ್ಟಡಗಳ ಮೇಲೂ ಈ ದಾರಿ ಹಿಡಿಯಬಹುದು.

ಹೊಸ ಸಂಹಿತೆ ಈ ವಿಚಾರಣೆಗೆ 90 ದಿನದ ಮಿತಿ ಹಾಕಿದೆ. ಕಾರಣ ದಾಖಲಿಸಿ 120 ದಿನದವರೆಗೆ ಮುಂದೂಡಬಹುದು. ಜೂನ್ ಮೊದಲ ವಾರದಿಂದ 90 ದಿನ ಹಿಂದಕ್ಕೆ ಎಣಿಸಿದರೆ ಮಾರ್ಚ್ ಮೊದಲ ವಾರ, 120 ಎಣಿಸಿದರೆ ಫೆಬ್ರುವರಿ ಆರಂಭ. ಆ ಹೊತ್ತಿಗೆ ಕಾಂಗ್ರೆಸ್ ಗಿಡ ಒಣಗಿ ನಿಂತಿರುತ್ತದೆ, ಹಾಳೆಯಲ್ಲಿ ನೀರಿರುವುದಿಲ್ಲ, ಗೋಡೆ ಗಟ್ಟಿಯಾಗಿಯೇ ಕಾಣುತ್ತದೆ. ಅರ್ಜಿ ಕೊಡಬೇಕಾದದ್ದು ಆಗಲೇ.